ಹೂದಾನಿಗೆ ಬಿದ್ದ ಉಪ್ಪು

ಹೂವನ್ನು ನೀರಿನಲ್ಲಿ ನಿಲ್ಲಿಸಿ ನೋಡುವ ಚಟ ಪುಟ್ಟೇನಹಳ್ಳಿಯ ಮುನಿವೆಂಕಟಮ್ಮನಿಗೆ ಎಂದೂ ಅರ್ಥವಾದದ್ದಲ್ಲ. ಹೂವು ಅಂದರೆ ದೇವರ ತಲೆಗೆ, ಇಲ್ಲವೇ ಹೆಂಗಸರ ಮುಡಿಗೆ. ಎರಡೂ ಅಲ್ಲದಿದ್ದರೆ ಸತ್ತವರ ಎದೆಗೆ. ದಂಟು ಸಮೇತ ಕೊಯ್ದು ತಂದು, ಗಾಜಿನ ಕೂಜದಲ್ಲಿ ನಿಲ್ಲಿಸಿ, ಅದು ದಿನದಿನಕ್ಕೆ ಬಾಡುವುದನ್ನು ಕುರ್ಚಿ ಹಾಕಿಕೊಂಡು ನೋಡುವುದು ಯಾವ ಸೀಮೆಯ ಸುಖವೋ! ಆದರೆ ಡಾಕ್ಟರಮ್ಮನಿಗೆ ಅದು ಬೇಕಿತ್ತು. ಡಾಕ್ಟರಮ್ಮನಿಗೆ ಬೇಕಾದದ್ದು ಮುನಿವೆಂಕಟಮ್ಮನಿಗೂ ಬೇಕೇ ಬೇಕು.

ಅದಕ್ಕೊಂದು ಕಾರಣವಿತ್ತು. ನಲವತ್ತಾರನೇ ಇಸವಿಯಲ್ಲಿ ಅವಳ ಮೊದಲ ಹೆರಿಗೆ ಕೈಕೊಟ್ಟಿತು. ಮಗು ಉಳಿಯಲಿಲ್ಲ. ತಾಯಿಯೂ ಉಳಿಯುವುದಿಲ್ಲ ಅಂತ ಊರಿನ ಸೂಲಗಿತ್ತಿ ಕೈತೊಳೆದುಕೊಂಡು ಹೊರಟಾಗ, ಗಂಡ ಸೊಣ್ಣಪ್ಪ ಎತ್ತಿನ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಯಲಹಂಕಕ್ಕೆ ಓಡಿಸಿಕೊಂಡು ಬಂದ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂರು ದಿನ ಮಂಚದ ಪಕ್ಕ ಬಿಟ್ಟು ಕದಲದೆ ಅವಳನ್ನು ಉಳಿಸಿಕೊಂಡರು. ಮತ್ತೆ ಮಕ್ಕಳಾಗುವುದಿಲ್ಲ ಎಂಬ ಮಾತನ್ನು ಅವರೇ ಹೇಳಬೇಕಾಯಿತು. ಹೇಳಿ, ಅವಳ ಜೊತೆ ಅವರೂ ಅತ್ತರು. ಮದುವೆಯಿಲ್ಲದ ಹೆಂಗಸು, ಅವರಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಮರುವರ್ಷ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಯಲಹಂಕದಲ್ಲೇ ಹೆಂಚಿನ ಬಂಗಲೆ ಕಟ್ಟಿಸಿಕೊಂಡಾಗ, "ಮುನೀ, ನನ್ನ ಜೊತೆ ಇದ್ದುಬಿಡೇ" ಎಂದರು. ಸೊಣ್ಣಪ್ಪನಿಗೆ ರೈಲ್ವೆ ಗ್ಯಾಂಗಿನ ಕೆಲಸ. ಬೆಳಿಗ್ಗೆ ಅವನು ಹಳಿಯ ಮೇಲೆ ಹೋದರೆ ಇವಳು ಕೆರೆಯ ಏರಿ ಹಿಡಿದು ಬಂಗಲೆಗೆ ಬರುತ್ತಿದ್ದಳು.

ಹತ್ತು ವರ್ಷ ಹಾಗೇ ನಡೆಯಿತು. ಅಡುಗೆ ಅವಳದು, ಡಾಕ್ಟರಮ್ಮನ ತಲೆಗೆ ಎಣ್ಣೆ ಹಚ್ಚುವುದು ಅವಳದು, ಸಂಜೆ ನಾಲ್ಕಕ್ಕೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಇಬ್ಬರೂ ಕಾಫಿ ಕುಡಿಯುವುದು. ಮುಂದಿನ ಹಾಲ್‌ನ ಮೇಜಿನ ಮೇಲಿನ ಹೂದಾನಿಯೂ ಅವಳದೇ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹಿತ್ತಿಲಿಗೆ ಹೋಗಿ ಕಣ್ಣಿಗೆ ಕಂಡ ಗುಲಾಬಿ, ಸೇವಂತಿಗೆ, ಡೇಲಿಯಾ ಪಟಪಟನೆ ಮುರಿದುಕೊಂಡು ಬಂದು ತುರುಕುತ್ತಿದ್ದಳು. ಮೂರನೇ ದಿನಕ್ಕೆ ತಲೆ ಜೋತು ಬೀಳುತ್ತಿದ್ದವು. ಎಸೆದು ಬೇರೆ ತುರುಕುತ್ತಿದ್ದಳು. ಹೂವು ಅಂದಮೇಲೆ ಬಾಡದೆ ಇರುತ್ತದೆಯೇ? ಡಾಕ್ಟರಮ್ಮನೂ ಏನೂ ಅನ್ನುತ್ತಿರಲಿಲ್ಲ.

ಐವತ್ತೇಳರ ಮಳೆಗಾಲದಲ್ಲಿ ಡಾಕ್ಟರಮ್ಮನ ಕಣ್ಣು ಮಂಜಾಗಿ, ಹಳೆಯ ಮೋರಿಸ್ ಕಾರು ಓಡಿಸುವುದಕ್ಕೆ ಸರ್ದಾರ್ ಎಂಬ ಡ್ರೈವರು ಬಂದ. ಅವನ ಜೊತೆ ಹೆಂಡತಿ ಅಕ್ಬರಿ ಬಂದಳು. ಕಾಂಪೌಂಡಿನ ಮೂಲೆಯ ಔಟ್‌ಹೌಸಿನಲ್ಲಿ ಅವರ ಬಿಡಾರ. ಅಕ್ಬರಿಗೆ ಮೂವತ್ತರ ಆಸುಪಾಸು, ತೆಳ್ಳಗೆ, ಮಾತು ಕಮ್ಮಿ. ಅವಳ ತಾಯಿ ಬೆಂಗಳೂರಿನ ದಂಡಿನ ಕಡೆ ಒಬ್ಬ ಇಂಗ್ಲಿಷ್ ದೊರೆಸಾನಿಯ ಮನೆಯಲ್ಲಿ ಆಯಾ ಆಗಿದ್ದು, ಹೂದಾನಿ ಜೋಡಿಸುವುದನ್ನೂ ಕಲಿತಿದ್ದವಳಂತೆ. ಒಂದು ದಿನ ಡಾಕ್ಟರಮ್ಮ ವರಾಂಡದಲ್ಲಿ ಕೂತಿದ್ದಾಗ ಅಕ್ಬರಿ ಅಂಗಳದಲ್ಲಿ ನಿಂತುಕೊಂಡೇ, "ಅಮ್ಮಾ, ಒಂದು ಸಲ ಹೂವು ನಾನು ಇಡ್ಲಾ?" ಎಂದು ಕೇಳಿದಳು. "ಇಡಮ್ಮ, ಅದಕ್ಕೇನು" ಎಂದರು ಅವರು.

ಮುನಿವೆಂಕಟಮ್ಮ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕೇಳಿಸಿತು. ಇಟ್ಟುಕೊಳ್ಳಲಿ ಬಿಡು, ಮೂರು ದಿನದ ಸಂಪತ್ತು ಅಂದುಕೊಂಡಳು.

ಮೂರು ದಿನ ಕಳೆಯಿತು. ಗುಲಾಬಿ ನೆಟ್ಟಗೆ ನಿಂತಿತ್ತು. ಐದು ಕಳೆಯಿತು, ಮೊಗ್ಗಾಗಿದ್ದದ್ದು ಅರಳಿತ್ತು. ಎಂಟನೇ ದಿನ ಕಾಫಿ ಹೊತ್ತಿಗೆ ಡಾಕ್ಟರಮ್ಮ ಹೊಸ್ತಿಲಿಗೆ ಬರಲೇ ಇಲ್ಲ. ಹೋಗಿ ನೋಡಿದರೆ ಹೂದಾನಿಯ ಹತ್ತಿರ ಮುಖ ಇಟ್ಟುಕೊಂಡು, ಮಂಜುಗಣ್ಣನ್ನು ಕಿರಿದು ಮಾಡಿ ನೋಡುತ್ತಾ ನಿಂತಿದ್ದಾರೆ.

"ಮುನೀ, ಇವತ್ತಿಗೆ ಎಂಟು ದಿನ ಕಣೇ! ಎಂಥ ಕೈಗುಣ ಆ ಹುಡುಗೀದು. ಇನ್ನು ಮೇಲೆ ಹೂವಿನ ಕೆಲಸ ಅವಳಿಗೇ ಬಿಟ್ಬಿಡು. ನಿಂಗೂ ಒಂದು ಭಾರ ಕಮ್ಮಿ."

"ಊಂ," ಅಂದಳು ಮುನಿವೆಂಕಟಮ್ಮ. ಅವಳ ಕೈಯಲ್ಲಿದ್ದ ಕಾಫಿ ಲೋಟ ತಣ್ಣಗಾಗುತ್ತಾ ಇತ್ತು.

ಅಂದು ಏರಿಯ ಮೇಲೆ ಮನೆಗೆ ನಡೆಯುವಾಗ ಅವಳಿಗೆ ಹೊಟ್ಟೆಯಲ್ಲಿ ಒಲೆ ಹೊತ್ತಿಸಿದ ಹಾಗಾಗಿತ್ತು. ಬಿಟ್ಟದ್ದು ಬೇಡದ ಕೆಲಸವೇ. ಕೈಗೆ ಮುಳ್ಳು ಚುಚ್ಚುವ, ಕೊಳೆತ ನೀರು ನಾರುವ ಕೆಲಸ. ಆದರೂ ಕಿತ್ತುಕೊಂಡರು ಅನ್ನಿಸಿತು. ಕೈಗುಣವಂತೆ! ಹತ್ತು ವರ್ಷ ಅನ್ನ ಹಾಕಿದ ಕೈಗೆ ಗುಣವಿರಲಿಲ್ಲವೇ?

ಅವತ್ತಿನಿಂದ ಅವಳು ಅಕ್ಬರಿಯನ್ನು ಕಾಯತೊಡಗಿದಳು. ನೆರೆಮನೆಯ ವೆಂಕಟಲಕ್ಷ್ಮಮ್ಮ, "ಏನೋ ಮಂತ್ರ ಆಕ್ತಾಳೆ ಕಣೇ, ಇಲ್ದಿದ್ರೆ ಕೊಯ್ದ ಊವು ಎಂಟು ದಿನ ಎಂಗ್ ನಿಂತ್ಕಂತದೆ?" ಎಂದು ಹೇಳಿದ್ದು ಬೇರೆ ತಲೆಯಲ್ಲಿ ಕೂತಿತ್ತು. ಒಂದು ಬೆಳಿಗ್ಗೆ ಬಾಗಿಲ ಸಂದಿನಿಂದ ನೋಡಿಯೇಬಿಟ್ಟಳು. ಅಕ್ಬರಿ ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣ ತೆಗೆದಳು. ಅದರಿಂದ ಏನೋ ಬೆಳ್ಳಗಿರುವುದನ್ನು ನೀರಿಗೆ ಸುರಿದಳು. ಕಾಗದ ಎಸೆದು ಅವಳು ಅತ್ತ ಹೋದದ್ದೇ ತಡ, ಮುನಿವೆಂಕಟಮ್ಮ ಅದನ್ನು ಹೆಕ್ಕಿ ನಾಲಿಗೆಗೆ ಮುಟ್ಟಿಸಿದಳು. ಸಕ್ಕರೆ!

ಮುನಿವೆಂಕಟಮ್ಮ ಸೀದಾ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. "ಅಮ್ಮಾವ್ರೇ, ನಾನು ಯೋಳ್ಬಾರ್ದು ಅಂತಿದ್ದೆ. ಮನೆ ಸಕ್ರೆ ಔಟ್‌ಹೌಸಿಗೆ ಓಗ್ತಾ ಐತೆ."

ಡಾಕ್ಟರಮ್ಮ ನಕ್ಕುಬಿಟ್ಟರು. "ನಾನೇ ಕೊಟ್ಟಿದ್ದು ಕಣೇ, ಹೂವಿಗೆ. ಅವೂ ಊಟ ಮಾಡ್ಬೇಕಲ್ಲ."

ಆ ನಗು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಂದು ಸಂಜೆ ಮನೆಯಲ್ಲಿ ಹಿತ್ತಾಳೆ ಚೊಂಬಿಗೆ ನೀರು ತುಂಬಿ, ಮುಷ್ಟಿ ಸಕ್ಕರೆ ಸುರಿದು, ಬೇಲಿಯ ಸೇವಂತಿಗೆ ಮುರಿದು ನಿಲ್ಲಿಸಿದಳು. ಮಾರನೆಯ ದಿನ ಇರುವೆ ಸಾಲುಗಟ್ಟಿತು. ಎರಡನೆಯ ದಿನ ನೀರು ಲೋಳೆಯಾಯಿತು. ಮೂರನೆಯ ದಿನ ಸೊಣ್ಣಪ್ಪ ಮೂಗು ಹಿಡಿದುಕೊಂಡು, "ಏನಮ್ಮಿ, ಇಲಿ ಗಿಲಿ ಸತ್ತೈತಾ?" ಎಂದ. ಅವಳು ಚೊಂಬನ್ನು ತಿಪ್ಪೆಗೆ ಬೋರಲು ಹಾಕಿ ಬಂದಳು.

ಬಂಗಲೆಯಲ್ಲಿ ಇನ್ನೊಂದು ಮೂಕ ಯುದ್ಧ ನಡೆಯುತ್ತಿತ್ತು. ಹಾಲ್‌ನ ಮೇಜಿನ ಮೇಲೆ ಮುನಿವೆಂಕಟಮ್ಮ ಬಾಳೆಹಣ್ಣಿನ ತಟ್ಟೆ ಇಡುತ್ತಿದ್ದಳು. ಹೂವು ಇಡಲು ಬಂದ ಅಕ್ಬರಿ ಅದನ್ನು ಎತ್ತಿ ದೂರದ ಕಿಟಕಿಯ ಹತ್ತಿರ ಇಟ್ಟು ಹೋಗುತ್ತಿದ್ದಳು. ಇವಳು ಮತ್ತೆ ತಂದು ಹೂದಾನಿಗೆ ತಾಗಿಸಿ ಇಡುವಳು. ಅವಳು ಮತ್ತೆ ದೂರ ಮಾಡುವಳು. ನಾನಿಟ್ಟ ತಟ್ಟೆ ಸೋಕಿದರೂ ಇವಳ ಹೂವಿಗೆ ಮೈಲಿಗೆಯೇ ಎಂದು ಮುನಿವೆಂಕಟಮ್ಮ ಹಲ್ಲು ಕಡಿಯುವಳು.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರಮ್ಮನ ಕೈಕೆಳಗೆ ಹೆರಿಗೆ ಕೆಲಸ ಕಲಿತಿದ್ದ ನರ್ಸುಗಳು ಹದಿನೈದು ಜನ ಒಟ್ಟಾಗಿ ಅವರನ್ನು ನೋಡಲು ಬರುವುದಾಗಿ ಕಾಗದ ಬರೆದರು. ಡಾಕ್ಟರಮ್ಮ ಮಗುವಿನ ಹಾಗೆ ಹಿಗ್ಗಿದರು. ಅಡುಗೆ ಏನೇನು ಎಂದು ಮುನಿವೆಂಕಟಮ್ಮನ ಜೊತೆ ನಾಲ್ಕು ದಿನ ಮಾತಾಡಿದರು. ಅಷ್ಟೂ ದಿನ ಅವಳ ಹೊಟ್ಟೆ ತಣ್ಣಗಿತ್ತು. ಆದರೆ ಹಿಂದಿನ ದಿನ ಅಕ್ಬರಿ ಹಾಲ್‌ನಲ್ಲಿ ದೊಡ್ಡ ಹೂದಾನಿಯ ತುಂಬ ಸುಗಂಧರಾಜ, ಕೆಂಪು ಗುಲಾಬಿ ಜೋಡಿಸಿ ಸರಿದು ನಿಂತಾಗ, ಡಾಕ್ಟರಮ್ಮ ಅವಳ ಭುಜದ ಮೇಲೆ ಕೈ ಇಟ್ಟರು. "ನಾಳೆ ಬಂದೋರು ಊಟ ಮರೆತ್ರೂ ಇದನ್ನ ಮರೆಯೋದಿಲ್ಲ ಕಣಮ್ಮ" ಎಂದರು.

ಮುನಿವೆಂಕಟಮ್ಮ ಅಡುಗೆಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದಳು. ಊಟ ಮರೆತರೂ! ಅವಳ ಕಿವಿಯಲ್ಲಿ ಬೇರೆ ಯಾವ ಮಾತೂ ಇಳಿಯಲಿಲ್ಲ. ಮಧ್ಯಾಹ್ನ ಡಾಕ್ಟರಮ್ಮ ಮಲಗಿದ್ದರು. ಅಕ್ಬರಿ ಔಟ್‌ಹೌಸಿಗೆ ಹೋಗಿದ್ದಳು. ಮುನಿವೆಂಕಟಮ್ಮ ಉಪ್ಪಿನ ಜಾಡಿಗೆ ಕೈ ಹಾಕಿ ಎರಡು ಹಿಡಿ ಕಲ್ಲುಪ್ಪು ತೆಗೆದು, ಹಾಲ್‌ಗೆ ಹೋಗಿ, ದಂಟುಗಳ ಮಧ್ಯೆ ಸುರಿದು ಬಂದಳು. ಬಂದು ಕೈ ತೊಳೆದು ಮತ್ತೆ ಬೇಳೆ ಕೆದಕಿದಳು. ಮನೆಗೆ ಹೋಗುವಾಗ ಮಾತ್ರ ಏರಿಯ ಮೇಲೆ ಒಂದು ಕಡೆ ಸುಮ್ಮನೆ ಕೂತುಬಿಟ್ಟಳು.

ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಗುಲಾಬಿಗಳು ಕುತ್ತಿಗೆ ಮುರಿದವರ ಹಾಗೆ ಜೋತಿದ್ದವು. ಸುಗಂಧರಾಜದ ಮೊಗ್ಗು ಕಂದಿ ಮೆತ್ತಗಾಗಿತ್ತು. ಹೂದಾನಿಯ ಮುಂದೆ ಅಕ್ಬರಿ ನಿಂತಿದ್ದಳು. ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ತಿರುಗಿದಳು. ಮುನಿವೆಂಕಟಮ್ಮನನ್ನು ನೋಡಿದಳು.

"ಅಕ್ಕಾ, ಹಿತ್ಲಿಗೆ ಬಾ."

ಹಿತ್ತಿಲ ಬಾವಿಕಟ್ಟೆಯ ಹತ್ತಿರ ಇಬ್ಬರೂ ಹೋದರು. ಅಲ್ಲಿ ಅಕ್ಬರಿ ಒಂದೇ ಸಲ ಉಕ್ಕಿದಳು. "ಉಪ್ಪು ಹಾಕಿದ್ದು ನೀನು. ಉಪ್ಪಿನ ಜಾಡಿ ಮುಟ್ಟೋದು ಈ ಮನೇಲಿ ನೀನೊಬ್ಳೇ. ಅಲ್ಲಾನ ಮೇಲಾಣೆ, ನಾನೇನು ಮಾಡಿದ್ದೆ ನಿಂಗೆ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬಾಯಿಂದ ಬಿದ್ದದ್ದೇ ಬೇರೆ. "ನೀನ್ ಬರೋಗಂಟ ನಾನೇ ಇದ್ದೆ ಈ ಮನೇಲಿ. ಅಮ್ಮಾವ್ರಿಗೆ ನಾನೇ ಇದ್ದೆ. ಈಗ ಬೆಳಗೆದ್ರೆ ಅಕ್ಬರಿ ಊವು, ಅಕ್ಬರಿ ಕೈಗುಣ. ನಂಗೆ ಎಂಗಾಗಿರ್ಬೇಕು?"

ಅಕ್ಬರಿ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು. ಅಳುವವರು ನಗುವ ಹಾಗೆ. "ಹುಚ್ಚಿ ನೀನು. ಆರು ತಿಂಗಳಾಯ್ತು ನಾನ್ ಬಂದು. ಈ ಮನೆ ಅಡುಗೆಮನೆ ಹೊಸ್ತಿಲು ಹೆಂಗಿದೆ ಅಂತ ನಂಗೊತ್ತಿಲ್ಲ. ಹಾಲ್‌ಗೆ ಬರ್ತೀನಿ, ಹೂವಿಡ್ತೀನಿ, ಹೋಗ್ತೀನಿ. ದಿನಾ ನಾಲ್ಕು ಗಂಟೆಗೆ ನೀವಿಬ್ರೂ ಕೂತು ನಗೋದು ನಮ್ಮ ಬಾಗ್ಲಿಗೆ ಕೇಳಿಸ್ತದೆ. ಅಮ್ಮ ಸತ್ತು ಮೂರು ವರ್ಷ ನಂಗೆ. ಯಾರ ಜೊತೇನೂ ಹಂಗೆ ಕೂತು ಕಾಫಿ ಕುಡಿದಿಲ್ಲ. ನಿಂಗೆ ಇಡೀ ಮನೇನೇ ಇದೆಯಲ್ಲಕ್ಕಾ. ನಂಗಿದ್ದಿದ್ದು ಆ ಗಾಜಿನ ಕೂಜ ಒಂದೇ. ಅದ್ಕೂ ಉಪ್ಪು ಹಾಕ್ಬಿಟ್ಟೆ."

ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರು ಈ ಲೋಕದಲ್ಲಿ ಯಾರಾದರೂ ಇರಬಹುದು ಎಂದು ಮುನಿವೆಂಕಟಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಮಕ್ಕಳಿಲ್ಲದವಳು ಎಂದು ಮದುವೆ ಮನೆಗಳಲ್ಲಿ ಹಿಂದಿನ ಸಾಲಿಗೆ ಸರಿದು ನಿಲ್ಲುತ್ತಿದ್ದ ಹೆಂಗಸು ಅವಳು.

"ಎಷ್ಟೊತ್ತಿಗೆ ಬರ್ತಾರಂತೆ ನರ್ಸಮ್ಮೋರು?" ಎಂದು ಕೊನೆಗೆ ಅಕ್ಬರಿಯೇ ಕೇಳಿದಳು.

"ಅನ್ನೊಂದ್ ಗಂಟೆಗೆ."

"ಹಂಗಾದ್ರೆ ನಾಲ್ಕು ಗಂಟೆ ಇದೆ. ಎರಡು ಬಕೆಟ್ ನೀರು ಸೇದು. ನಿನ್ನ ಮೇಲಿನ ಸಿಟ್ಟು ಆಮೇಲೆ."

ಮುನಿವೆಂಕಟಮ್ಮ ನೀರು ಸೇದಿದಳು. ಅಕ್ಬರಿ ಬಾಡಿದ ಗುಲಾಬಿಗಳನ್ನು ತಂದು, ಉಪ್ಪುನೀರು ಹೋಗುವ ಹಾಗೆ ದಂಟು ತೊಳೆದು, ದಂಟಿನ ತುದಿಯನ್ನು ಬಕೆಟ್ಟಿನ ನೀರೊಳಗೇ ಮುಳುಗಿಸಿ ಹಿಡಿದು, ಚೂಪಾದ ಚಾಕುವಿನಿಂದ ಓರೆಯಾಗಿ ಎರಡು ಬೆರಳಿನಷ್ಟು ಕೊಯ್ದಳು.

"ನೀರೊಳಗ್ಯಾಕೆ ಕೊಯ್ತೀಯಾ?"

"ಹೊರಗೆ ಕೊಯ್ದ್ರೆ ದಂಟು ಗಾಳಿ ಕುಡೀತದೆ. ಗಾಳಿ ಕುಡಿದ ಮೇಲೆ ನೀರು ಕುಡಿಯೋಲ್ಲ. ನೀನು ಮುರಿದು ತರ್ತಿದ್ಯಲ್ಲ, ಮುರಿದ ಕಡೆ ನಜ್ಜಾಗಿ ಬಾಯೇ ಮುಚ್ಕೊಂಡಿರ್ತದೆ. ಅದೂ ಮಟಮಟ ಮಧ್ಯಾಹ್ನ. ಪಾಪ, ಆಗ್ಲೇ ಬಾಯಾರಿ ಸಾಯ್ತಿರ್ತದೆ. ಬೆಳಕು ಹರಿಯೋ ಮೊದ್ಲು ಕೊಯ್ಬೇಕು, ಇಬ್ಬನಿ ಇರೋವಾಗ."

ಕೆಳಗಿನ ಎಲೆಗಳನ್ನೆಲ್ಲ ಸವರಿ ತೆಗೆದಳು. ನೀರಲ್ಲಿ ಮುಳುಗಿದ ಎಲೆ ಕೊಳೆಯುತ್ತದೆ, ಕೊಳೆತರೆ ನೀರು ನಾರುತ್ತದೆ ಎಂದಳು. ಗುಲಾಬಿಗಳನ್ನು ಕತ್ತಿನವರೆಗೆ ಬಕೆಟ್ಟಿನಲ್ಲಿ ಇಳಿಸಿ ಕತ್ತಲೆಯ ಬಚ್ಚಲುಮನೆಯಲ್ಲಿಟ್ಟು ಕದ ಮುಂದೆ ಮಾಡಿದಳು. ಹೂದಾನಿಯನ್ನು ಮುನಿವೆಂಕಟಮ್ಮನ ಕೈಗೆ ಕೊಟ್ಟು, ಒಂದು ಹಿಡಿ ನುಚ್ಚಕ್ಕಿ, ಸ್ವಲ್ಪ ಬೂದಿ ಹಾಕಿ ಕುಲುಕಿಸಿದಳು. ತಳಕ್ಕೆ ಹಿಡಿದಿದ್ದ ಉಪ್ಪು, ಲೋಳೆ ಎದ್ದು ಬಂತು. ಹತ್ತು ವರ್ಷ ತಾನು ಬರೀ ನೀರು ಅಲುಗಿಸಿ ಚೆಲ್ಲುತ್ತಿದ್ದ ಪಾತ್ರೆ ಅದು.

"ಸಕ್ರೆ ನಾನೂ ಆಕಿದ್ದೆ ಮನೇಲಿ," ಎಂದಳು ಮುನಿವೆಂಕಟಮ್ಮ ತಲೆ ತಗ್ಗಿಸಿ. "ಗಬ್ಬೆದ್ದೋಯ್ತು."

"ನಿಂಬೆಹಣ್ಣು ಹಿಂಡಿದ್ಯಾ?"

"ಇಲ್ಲ."

"ಅದ್ಕೇ. ಬರೀ ಸಕ್ಕರೆ ಹಾಕಿದ್ರೆ ಹುಳ ಬೀಳದೆ ಇನ್ನೇನು? ಒಂದು ಚಮಚ ಸಕ್ಕರೆಗೆ ಅರ್ಧ ನಿಂಬೆ. ಮತ್ತೆ ದಿನಾ ನೀರು ಬದಲಾಯಿಸ್ಬೇಕು, ದಿನಾ ದಂಟಿನ ತುದಿ ಒಂಚೂರು ಕೊಯ್ಬೇಕು."

"ಇಷ್ಟೇನಾ? ಬಾಳೆಹಣ್ಣಿನ ತಟ್ಟೆ ಯಾಕೆ ದೂರ ಇಡ್ತಿದ್ದೆ ಮತ್ತೆ?"

"ಹಣ್ಣಿನ ಪಕ್ಕ ಇಟ್ರೆ ಹೂವು ಬೇಗ ಮುದಿಯಾಗ್ತದೆ. ನಮ್ಮಮ್ಮ ಹೇಳೋಳು. ನೀನು ಬೇಕಂತ ತಂದಿಡ್ತಿದ್ದೀಯ ಅಂದ್ಕೊಂಡೆ."

"ಬೇಕಂತಾನೇ ಇಡ್ತಿದ್ದೆ," ಎಂದಳು ಮುನಿವೆಂಕಟಮ್ಮ. "ಆದ್ರೆ ಇದಕ್ಕಲ್ಲ."

ಸುಗಂಧರಾಜ ಉಳಿಯಲಿಲ್ಲ. ಗುಲಾಬಿ ಹದಿನಾರರಲ್ಲಿ ಒಂಬತ್ತು ತಲೆ ಎತ್ತಿದವು. ಉಳಿದ ಜಾಗಕ್ಕೆ ಹಿತ್ತಿಲ ಆಸ್ಟರು, ಒಂದಷ್ಟು ಹಸಿರು ಸೊಪ್ಪು ಸೇರಿಸಿದರು. ನಿನ್ನೆಯಷ್ಟು ಚೆಂದ ಇರಲಿಲ್ಲ. ಬಂದವರಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಅವರು ಹೋಳಿಗೆಯನ್ನೂ ಹೊಗಳಿದರು, ಹೂವನ್ನೂ ಹೊಗಳಿದರು, ಎಲ್ಲಕ್ಕಿಂತ ಹೆಚ್ಚಾಗಿ ಡಾಕ್ಟರಮ್ಮನ ಕಾಲು ಹಿಡಿದುಕೊಂಡು ಹಳೆಯ ಬೈಗುಳಗಳನ್ನು ನೆನೆದು ನಕ್ಕರು.

ಎಲ್ಲರೂ ಹೋದ ಮೇಲೆ ಮುನಿವೆಂಕಟಮ್ಮ ಡಾಕ್ಟರಮ್ಮನ ಮಂಚದ ಕಾಲ ಬಳಿ ನೆಲದ ಮೇಲೆ ಕೂತು ಹೇಳಿಬಿಟ್ಟಳು. ಉಪ್ಪಿನಿಂದ ಹಿಡಿದು ಎಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಸುಗಂಧರಾಜ ಏನಾಯ್ತು ಅಂತ ನಾನು ಬೆಳಿಗ್ಗೆನೇ ಕೇಳ್ದೆ ಅಕ್ಬರೀನ," ಎಂದರು. "ನೀರು ಸರಿಯಿರಲಿಲ್ಲಮ್ಮ ಅಂದ್ಲು ಅಷ್ಟೇ. ನೋಡು ಮುನೀ, ಬೇರೆ ಯಾರಾದ್ರೂ ಈ ಕೆಲಸ ಮಾಡಿದ್ರೆ ಇವತ್ತೇ ಗೇಟು ತೋರಿಸ್ತಿದ್ದೆ. ನಿನ್ನ ಎಲ್ಲಿಗೆ ಕಳಿಸ್ಲಿ? ನಿನ್ನ ಬಿಟ್ಟು ನಾನು ಎಲ್ಲಿರ್ಲಿ? ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ, ಹತ್ತು ವರ್ಷದಲ್ಲಿ?" ಅವರ ದನಿ ಏರಿತ್ತು. ಮುನಿವೆಂಕಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಅವರೇ, ಬೇರೆ ದನಿಯಲ್ಲಿ, "ಅವಳನ್ನ ಒಂದು ದಿನವೂ ಒಳಗೆ ಕರೀಲಿಲ್ಲ ನಾನು. ಅದು ನನ್ನ ತಪ್ಪು," ಎಂದರು.

ಮಾರನೆಯ ದಿನ ನಾಲ್ಕು ಗಂಟೆಗೆ ಹೊಸ್ತಿಲ ಬಳಿ ಮೂರು ಲೋಟ ಕಾಫಿ ಇದ್ದವು. ಕರೆಯುವುದಕ್ಕೆ ಔಟ್‌ಹೌಸಿನವರೆಗೆ ಮುನಿವೆಂಕಟಮ್ಮನೇ ಹೋಗಬೇಕಾಯಿತು. ಅಕ್ಬರಿ ಹೊಸ್ತಿಲ ಹೊರಗೇ ನಿಂತಳು. ಡಾಕ್ಟರಮ್ಮ ಕೈ ಹಿಡಿದು ಎಳೆದು ಕೂರಿಸಿದರು. ಹೊಟ್ಟೆಕಿಚ್ಚು ಅಷ್ಟಕ್ಕೇ ಆರಿತು ಅಂತಲೂ ಅಲ್ಲ. ಡಾಕ್ಟರಮ್ಮ ಅವಳ ಕಡೆ ತಿರುಗಿ ಎರಡು ಮಾತು ಹೆಚ್ಚು ಆಡಿದರೆ ಮುನಿವೆಂಕಟಮ್ಮ ಈಗಲೂ ಲೋಟ ಕುಕ್ಕುತ್ತಿದ್ದಳು. ಆಗ ಅಕ್ಬರಿ, "ಉಪ್ಪಿನ ಜಾಡಿ ಮುಚ್ಚಿಡ್ಲಾ ಅಕ್ಕಾ?" ಅನ್ನುತ್ತಿದ್ದಳು. ಮೂವರೂ ನಗುತ್ತಿದ್ದರು.

ಏಳು ವರ್ಷ ಹೀಗೆ ಹೋಯಿತು. ಬೆಳಗಿನ ಜಾವದ ಇಬ್ಬನಿಯಲ್ಲಿ ಇಬ್ಬರೂ ಬಕೆಟ್ಟು ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. ಅಕ್ಬರಿ ಕೊಯ್ದರೆ ಮುನಿವೆಂಕಟಮ್ಮ ಎಲೆ ಸವರುವಳು. ಅರವತ್ತೈದರಲ್ಲಿ ಡಾಕ್ಟರಮ್ಮ ಮೂರೇ ದಿನದ ಜ್ವರದಲ್ಲಿ ತೀರಿಕೊಂಡರು. ಬಂಗಲೆ ಅದುವರೆಗೆ ಮುಖವನ್ನೇ ತೋರಿಸದಿದ್ದ ಅವರ ಅಣ್ಣನ ಮಗನ ಕೈಗೆ ಹೋಯಿತು. ಸರ್ದಾರ್‌ಗೆ ಯಶವಂತಪುರದ ಒಂದು ಮರದ ಡಿಪೋದಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿ, ಅಕ್ಬರಿ ಪಾತ್ರೆಪಗಡ ಕಟ್ಟಿಕೊಂಡು ಹೊರಟಳು. ಮುನಿವೆಂಕಟಮ್ಮ ಪುಟ್ಟೇನಹಳ್ಳಿಯ ಮನೆಯಲ್ಲೇ ಉಳಿದಳು. ನಾಲ್ಕು ಗಂಟೆಯಾಯಿತೆಂದರೆ ಏನು ಮಾಡಬೇಕೆಂದು ತೋಚದೆ ಒಳಗೂ ಹೊರಗೂ ಓಡಾಡುವಳು.

ಹದಿನೈದು ದಿನ ತಡೆದಳು. ಆಮೇಲೆ ಒಂದು ಬೆಳಿಗ್ಗೆ ಬೇಲಿಯ ಸೇವಂತಿಗೆಯನ್ನು ನೀರೊಳಗೆ ಓರೆಯಾಗಿ ಕೊಯ್ದು, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆ ಎಲೆ ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ ಯಶವಂತಪುರಕ್ಕೆ ಹೋದಳು. ಕೇಳಿಕೊಂಡು ಕೇಳಿಕೊಂಡು ವಠಾರ ಹುಡುಕಿದಳು. ಬಾಗಿಲು ತೆರೆದಿತ್ತು. ಒಳಗೆ ಅಕ್ಬರಿ ಯಾರೋ ಹೆಂಗಸಿನ ಜೊತೆ ತೊಡೆಗೆ ತೊಡೆ ತಾಗಿಸಿ ಕೂತು, ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದಳು.

"ಯಾ ಅಲ್ಲಾ! ಅಕ್ಕಾ!" ಎಂದು ಅಕ್ಬರಿ ಎದ್ದು ಬಂದು ತಬ್ಬಿಕೊಂಡಳು. "ಬಾ, ಬಾ. ಇವ್ಳು ನಸೀಮಾ, ಪಕ್ಕದ ಮನೆಯೋಳು. ನಂಗೆ ಇಲ್ಲಿ ಇವ್ಳೇ ಎಲ್ಲಾ."

ಇವ್ಳೇ ಎಲ್ಲಾ. ಹದಿನೈದು ದಿನದಲ್ಲಿ! ಮುನಿವೆಂಕಟಮ್ಮ ನಸೀಮಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಈ ಸಲ ಅದು ಯಾತಕ್ಕೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ನಸೀಮಾಳನ್ನು ಸ್ವಲ್ಪ ಸರಿಸಿ, ಇಬ್ಬರ ಮಧ್ಯೆ ಜಾಗ ಮಾಡಿಕೊಂಡು ಕೂತಳು. ಬಾಳೆ ಎಲೆಯ ಕಟ್ಟು ಬಿಚ್ಚುತ್ತಾ, "ಒಂದು ಚೊಂಬು ತತ್ತಾ ಅಕ್ಬರಿ, ಬೇಗ," ಎಂದಳು. "ಊವು ಬಾಯಾರೈತೆ."